ಪಂಪಿನ ಪುಸ್ತಕ, ಫಾರಸಿ ಪದ್ಯ

ಇವತ್ತು ನಮ್ಮ ಓಣಿಗೆ ನೀರು ಬಿಡುವ ದಿನ. ಎಂದಿನಂತೆ ಐದಕ್ಕೆ ಎದ್ದು ಅಂಗಳ ತೊಳೆದು, ಹಾಲು ಕಾಯಿಸಿ, ಒಗ್ಗರಣೆಗೆ ಮಂಡಕ್ಕಿ ನೆನೆಸಿದೆ. ಸಂಪು ತುಂಬಿದ ಮೇಲೆ ಸ್ವಿಚ್ ಹಾಕಿದರೆ ಮೋಟರು ಗುಂಯ್ ಎಂದಿತೇ ಹೊರತು ಮೇಲಿನ ಟ್ಯಾಂಕಿಗೆ ಹನಿ ನೀರು ಏರಲಿಲ್ಲ. ಯಜಮಾನರು ಬನಿಯನ್ನಿನಲ್ಲೇ ಬಂದು ನಿಂತು, “ಅದರ ಪುಸ್ತಕ ಎಲ್ಲೈತಿ ನೋಡು” ಎಂದರು.

ಹಳೆಯ ಗ್ಯಾರಂಟಿ ಕಾರ್ಡುಗಳ ಕೆಳಗೆ, ಡ್ರಾಯರಿನ ತಳದಲ್ಲಿ ಪುಸ್ತಕ ಸಿಕ್ಕಿತು. ಬಿಡಿಸಿದರೆ ಪುಟದ ತುಂಬ ಪೆನ್ಸಿಲಿನ ಸಣ್ಣ ಸಣ್ಣ ನಿಲುಗೆರೆಗಳು. “ಪಂಪನ್ನು ಚಾಲೂ ಮಾಡುವ ಮೊದಲು” ಎಂಬಲ್ಲಿ ಒಂದು ಗೆರೆ, “ಅದರೊಳಗೆ ನೀರು ತುಂಬಿದೆಯೇ” ಎಂಬಲ್ಲಿ ಇನ್ನೊಂದು. ಓದುವವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬ ಗುರುತು ಅವು. ಯಜಮಾನರು ಒಂದು ಚೊಂಬು ನೀರು ಹೊಯ್ದರು, ಮೋಟರು ಸರಿಯಾಯಿತು. ನಾನು ಮಾತ್ರ ಪುಸ್ತಕ ಹಿಡಿದು ನಿಂತೇ ಇದ್ದೆ.

ಆ ಗೆರೆಗಳನ್ನು ಎಳೆದವರು ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಸರ್. ಹನ್ನೆರಡು ವರ್ಷದ ಹಿಂದಿನ ಮಾತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಊರು ಸಿರುಗುಪ್ಪ. ಅಂಗಿಯ ತೋಳನ್ನು ಯಾವಾಗಲೂ ಎರಡೇ ಸುತ್ತು ಮಡಚುತ್ತಿದ್ದರು, ಚಪ್ಪಲಿಯನ್ನು ಗೋಡೆಗೆ ಮುಖ ಮಾಡಿ ಬಿಡುತ್ತಿದ್ದರು. ಅವರ ತಂದೆ ತಾಯಿ ಇಬ್ಬರೂ ಅಕ್ಕಿ ಗಿರಣಿಯಲ್ಲಿ ದುಡಿದವರಂತೆ. ತೌಡಿನ ದೂಳಿಗೆ ತಾಯಿಗೆ ದಮ್ಮು ಹಿಡಿಯಿತು. ದಮ್ಮು ಏರಿದಾಗಲೆಲ್ಲ ತಂದೆ ಪಕ್ಕದಲ್ಲಿ ಕೂತು, ತಮ್ಮ ಹಿರಿಯರಿಂದ ಬಾಯಿಪಾಠವಾಗಿದ್ದ ಫಾರಸಿ ಸಂತರ ಪದ್ಯಗಳನ್ನು ನಿಧಾನವಾಗಿ ಹೇಳುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಆಕೆಯ ಉಸಿರು ಇಳಿಯುತ್ತಿತ್ತು. ತಂದೆ ಹೋದ ಮೇಲೆ ಆ ಕೆಲಸ ಮಗನಿಗೆ ಬಂತು. ಪ್ರತಿ ಶನಿವಾರ ಸಿರುಗುಪ್ಪದ ಬಸ್ಸು ಹತ್ತುತ್ತಿದ್ದರು.

ಉಸಿರು ಇಳಿಸುವುದು ಆ ಪದ್ಯದ ಲಯವೋ, ಅಥವಾ ಸುಮ್ಮನೆ ನಮ್ಮ ಭ್ರಮೆಯೋ? ಇದು ಅವರ ಪಿಎಚ್‌.ಡಿ. ಪ್ರಶ್ನೆ. ಅದಕ್ಕಾಗಿ ಎದೆಗೆ ಕಟ್ಟುವ ಒಂದು ಪಟ್ಟಿ ಮಾಡಿದ್ದರು. ನಮ್ಮೂರ ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಕೊಂಡ ಲಂಗದ ಇಲಾಸ್ಟಿಕ್ಕು, ಅದರೊಳಗೆ ತಂತಿ. ಉಸಿರಾಡಿದಂತೆ ಲ್ಯಾಪ್‌ಟಾಪಿನಲ್ಲಿ ಗೆರೆ ಏರಿ ಇಳಿಯುತ್ತಿತ್ತು. ಅವರ ಹೊಲಿಗೆ ಎರಡೇ ದಿನಕ್ಕೆ ಬಿಟ್ಟುಹೋಗಿ, ನಾನೇ ಮತ್ತೆ ಹೊಲಿದುಕೊಟ್ಟಿದ್ದೆ.

“ಎಂಜಿನಿಯರಿಂಗಿನವರು ಇದು ಕಾವ್ಯ ಅಂತಾರ, ಫಾರಸಿಯವರು ಇದು ಡಾಕ್ಟರ್ ಕೆಲಸ ಅಂತಾರ, ಡಾಕ್ಟರು ಇದು ಬರೇ ವೈರು ಅಂತಾರ. ಮೂರು ಬಸ್ಸಿಗೆ ಕೈ ಮಾಡಿ ಸ್ಟ್ಯಾಂಡಿನ್ಯಾಗ ನಿಂತಂಗ ಆಗೇತ್ರಿ ಅಕ್ಕಾರ ನಂದು” ಎಂದು ಒಮ್ಮೆ ನಕ್ಕಿದ್ದರು.

ಓದಲು ನನ್ನನ್ನು ಕೇಳಿದ್ದು ನನ್ನ ದನಿ ಚೆಂದವೆಂದಲ್ಲ. ಅರ್ಥ ತಿಳಿಯದಿದ್ದರೂ ಅಕ್ಷರ ನುಂಗದೆ ಓದುವುದನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಬೆಳಗಿನ ಪ್ರಾರ್ಥನೆಯಲ್ಲೇ ಕಲಿಸಿದ್ದರು. ಸರ್ ಫಾರಸಿ ಪದ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಅರ್ಥ ಕೇಳಿದರೆ, “ಈಗ ಬ್ಯಾಡ್ರಿ, ದನಿ ಬದಲಾಗ್ತೈತಿ. ಎಲ್ಲಾ ಮುಗದ ಮ್ಯಾಲ ಹೇಳ್ತೀನಿ” ಎಂದರು.

ಪದ್ಯ ಅರ್ಧ ಜನಕ್ಕೆ ಮಾತ್ರ. ಇನ್ನರ್ಧ ಜನಕ್ಕೆ ಅದೇ ದನಿಯಲ್ಲಿ, ಅಷ್ಟೇ ಹೊತ್ತು, ಖುಷಿಯೂ ದುಃಖವೂ ಆಗದಂಥದ್ದೇನಾದರೂ ಓದಬೇಕಿತ್ತು. ಎರಡನ್ನೂ ಹೋಲಿಸಿ ನೋಡಿದರೆ ತಾನೇ ಪದ್ಯದ ಗುಣ ಗೊತ್ತಾಗುವುದು? ಅಂಥ ಪುಸ್ತಕ ಹುಡುಕಿದಾಗ ನಮ್ಮ ಡ್ರಾಯರಿನಲ್ಲಿ ಸಿಕ್ಕಿದ್ದು ಈ ಪಂಪಿನ ಪುಸ್ತಕ.

ಸರ್ ಅವರ ಗೆಳೆಯರೊಬ್ಬರು ಕುರುಗೋಡಿನಲ್ಲಿ ಡಾಕ್ಟರು. ಒಪ್ಪಿ ಸಹಿ ಹಾಕಿದ ದಮ್ಮಿನ ರೋಗಿಗಳು ಅವರ ದವಾಖಾನೆಗೆ ಬರುತ್ತಿದ್ದರು. ಬೇಸಿಗೆ ರಜೆಯ ಮಂಗಳವಾರ, ಶುಕ್ರವಾರ ನಾವೂ ಹೋಗುತ್ತಿದ್ದೆವು. ಅತ್ತೆಗೆ ಅಲ್ಲಿ ತಂಗಿಯ ಮನೆ, ಅವರೂ ಜೊತೆಗೆ ಹೊರಡುತ್ತಿದ್ದರು. “ಊರಾಗ ಎಲ್ಲಾರೂ ಬಸವ ಪುರಾಣ ಓದ್ತಾರ, ನಮ್ಮ ಸೊಸಿ ಪಂಪಿನ ಪುರಾಣ ಓದಾಕ ಹೊಂಟಾಳ” ಎಂದು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಸರ್ ಹೇಳಿದ್ದು ಒಂದೇ ನೇಮ. “ಒಳಗ ಹೋಗ್ರಿ, ಓದ್ರಿ, ಎದ್ದು ಬರ್ರಿ. ಒಂದು ಮಾತು ಹೆಚ್ಚಿಗಿ ಆಡಬ್ಯಾಡ್ರಿ.” ಅವರು ಪಕ್ಕದ ಕೋಣೆಯಲ್ಲಿ ಗೆರೆ ನೋಡುತ್ತಾ ಕೂರುತ್ತಿದ್ದರು. ರೋಗಿಯ ಎದುರಿಗೆ ನಾನೊಬ್ಬಳೇ.

ಪದ್ಯ ಓದುವಾಗ ಏನೂ ತೊಂದರೆಯಿರಲಿಲ್ಲ. ದೇವರ ಮುಂದೆ ಕೂತಂತೆ ಕೂತು ಓದಿ ಎದ್ದು ಬರುತ್ತಿದ್ದೆ. ಪಂಪಿನ ಸರದಿ ಬಂದಾಗಲೇ ನನಗೆ ಸಂಕೋಚ. ಪಾಪ, ಬಿಸಿಲಲ್ಲಿ ಊರಿಂದ ಬಂದಿದ್ದಾರೆ, ಏದುಸಿರು ಬಿಡುತ್ತಿದ್ದಾರೆ, ಅವರಿಗೆ ವಾಲ್ವು, ವಾಷರು ಎಂದು ಹೇಗೆ ಶುರು ಮಾಡುವುದು? ಎಷ್ಟಾದರೂ ಮನುಷ್ಯರು... “ಊಟ ಆತೇನ್ರಿ? ಯಾವೂರು ನಿಮ್ಮದು? ಇದು ಸ್ವಲ್ಪ ಬ್ಯಾಸರ ಆಗ್ತೈತಿ, ಸೈರಿಸ್ಕೋರಿ” ಎಂದು ಕೇಳಿಯೇ ಪುಸ್ತಕ ಬಿಡಿಸುತ್ತಿದ್ದೆ. ಒಬ್ಬ ಮುದುಕ ಕೊನೆಯವರೆಗೂ ಕೇಳಿ, “ಯವ್ವಾ, ನಮ್ಮ ಹೊಲದ ಮೋಟ್ರೂ ಸುಟ್ಟೈತಿ, ನೀನರ ಬಂದು ನೋಡವ್ವ” ಎಂದಿದ್ದ. ನಾನು ನಕ್ಕೆ, ಅವನೂ ನಕ್ಕ. ಪಕ್ಕದ ಕೋಣೆಗೆ ಅದು ಕೇಳಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಸರ್ ಲ್ಯಾಪ್‌ಟಾಪು ಹಿಡಿದು ಕೆಳಗೆ ಬಂದರು. ಕೊಟ್ಟ ಚಹಾ ಆರುವವರೆಗೂ ಮುಟ್ಟಲಿಲ್ಲ.

“ಪದ್ಯ ಕೇಳಿದವರಕಿಂತ ಪಂಪು ಕೇಳಿದವರ ಉಸಿರೇ ಚಲೋ ಇಳದೈತ್ರಿ. ನೀವು ಓದೋದು ಬಿಟ್ಟು ಏನರ ಮಾತಾಡಿದ್ರೇನ್ರಿ ಅಕ್ಕಾರ?”

“ಇಲ್ರಿ ಸರ್” ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಊಟ ಆಯಿತೇ ಎಂದು ಕೇಳುವುದನ್ನು ಒಂದು ಮಾತು ಎಂದು ನಾನು ಎಣಿಸಿಯೇ ಇರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡುವುದನ್ನು ಯಾರಾದರೂ ಕೆಲಸ ಅನ್ನುತ್ತಾರೆಯೇ? ಆ ಸಂಜೆಯೇ ಪಾತ್ರೆ ತೊಳೆಯುವಾಗ ಒಮ್ಮೆಲೇ ಹೊಳೆಯಿತು. ಪದ್ಯದವರಿಗೆ ನಾನು ಏನೂ ಕೇಳಿರಲಿಲ್ಲ, ಪಂಪಿನವರಿಗೆ ಮಾತ್ರ ಕೇಳಿದ್ದೆ. ಅವರ ಉಸಿರು ಇಳಿಸಿದ್ದು ಪಂಪಿನ ಪುಸ್ತಕವಲ್ಲ, ಆ ಎರಡು ಮಾತೇ ಇರಬೇಕು. ಕೈಯ ಸೋಪು ಹಾಗೇ ಒಣಗಿತು.

ಮೇಲೆ ಹೋಗಿ ಹೇಳಲು ಹದಿನಾಲ್ಕು ಮೆಟ್ಟಿಲು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ನೆಂಟರು ಬಂದರು. ಅದರ ಮರುದಿನ ಸರ್ ಕಾಲೇಜಿನಿಂದ ತಡವಾಗಿ ಬಂದರು. ಹೇಳಿದರೆ ಅವರ ಇಡೀ ಬೇಸಿಗೆ ನನ್ನಿಂದ ಹಾಳಾಯಿತು ಎಂದು ಒಪ್ಪಿಕೊಂಡಂತೆ... ದಿನ ಕಳೆದಂತೆ ಮೆಟ್ಟಿಲು ಹೆಚ್ಚಾದವು.

ಪಂಪಿನ ಲೆಕ್ಕವನ್ನು ಬಿಟ್ಟು ಬರೆಯಬಹುದಿತ್ತಂತೆ, ಯಾರೋ ಸಲಹೆಯನ್ನೂ ಕೊಟ್ಟರಂತೆ. ಸರ್ ಒಪ್ಪಲಿಲ್ಲ. ಬಂದದ್ದನ್ನು ಬಂದ ಹಾಗೆ ಬರೆದಿಟ್ಟು, ಪ್ರಬಂಧವನ್ನು ಅಲ್ಲಿಗೇ ನಿಲ್ಲಿಸಿದರು. ದೀಪಾವಳಿಯ ಮುಂಚೆ ಸಿರುಗುಪ್ಪದಲ್ಲೇ ಒಂದು ಕೆಲಸ ಹಿಡಿದು ಮನೆ ಖಾಲಿ ಮಾಡಿದರು. ಸಾಮಾನು ಏರಿಸುವಾಗ ನಾನು, “ತಾಯಿಗೆ ಪದ್ಯ ಹೇಳ್ತೀರಲ್ರಿ?” ಎಂದು ಕೇಳಿದೆ.

“ಇಲ್ರಿ, ಬಿಟ್ಟೆ. ಉಪಯೋಗಿಲ್ಲದ್ದು ಅಂತ ನಾನೇ ಬರದೀನಿ, ಮತ್ತ ಆಕಿ ಮುಂದ ಕುಂತು ನಾಟಕ ಹ್ಯಾಂಗ ಮಾಡ್ಲಿ? ಗಾಳಿ ಮಷೀನು ತಂದುಕೊಟ್ಟೀನಿ. ಅದಽ ಸಾಕು.”

ಆಗಲೂ ಹೇಳಬಹುದಿತ್ತು. ಲಾರಿಗೆ ತಾಡಪತ್ರಿ ಕಟ್ಟುತ್ತಿದ್ದರು, ಬಾಯಿ ತೆರೆದೆ, “ಹುಷಾರಾಗಿ ಹೋಗಿ ಬರ್ರಿ” ಎಂದೆ. ಪದ್ಯದ ಅರ್ಥವನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಮಧ್ಯಾಹ್ನ ಎಲ್ಲರದೂ ಊಟವಾದ ಮೇಲೆ ಹಳೆಯ ಡೈರಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಏನೇನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂತು. ಪಕ್ಕದ ಮನೆಯವಳ ತವರು ಸಿರುಗುಪ್ಪ. ಸಂಜೆ ಅವಳು ಕರಿಬೇವಿಗೆ ಬಂದಾಗ, ಸರ್ ಅವರ ಹೊಸ ನಂಬರು ನಿನ್ನ ಅಣ್ಣನ ಹತ್ತಿರ ಇದ್ದೀತೇ ಎಂದು ಕೇಳಿದೆ.

“ಯಾರು, ನಿಮ್ಮ ಮ್ಯಾಲಿನ ಮನಿ ಸರಾ? ಅವರು ತೀರ್ಕೊಂಡು ಎರಡು ವರ್ಸ ಆತಲ್ರಿ ಅಕ್ಕಾ. ಹಾರ್ಟು. ನಿಮಗ ಹೇಳೀನಿ ಅಂತ ಮಾಡಿದ್ದೆ” ಎಂದಳು.

ನಾನು ಕರಿಬೇವು ಮುರಿಯುತ್ತಲೇ ಇದ್ದೆ, ಬೇಕಾದ್ದಕ್ಕಿಂತ ಹೆಚ್ಚೇ ಮುರಿದೆ. ಎರಡು ವರ್ಷ. ಹೇಳಬೇಕಾದವರಿಗೆ ಹೇಳುವ ಕಾಲ ಹೋಗಿಯೇ ಬಿಟ್ಟಿದೆ, ನಾನು ಮಾತ್ರ ಮಧ್ಯಾಹ್ನ ಚೀಟಿ ಬರೆಯುತ್ತಾ ಕೂತಿದ್ದೆ...

ಅವಳು ಕರಿಬೇವನ್ನು ಸೆರಗಿನಲ್ಲಿ ಹಾಕಿಕೊಂಡು ಗೇಟಿನತ್ತ ಹೊರಟಳು. ಚಿಲಕ ಹಾಕುತ್ತಾ, ತಿರುಗಿಯೂ ನೋಡದೆ ಅಂದಳು:

“ಅವರ ತಾಯಿ ಇನ್ನೂ ಅದಾರ್ರಿ, ಮಗಳ ಮನ್ಯಾಗ. ದಮ್ಮು ಹಂಗಽ ಐತಿ, ಜೀವ ಮಾತ್ರ ಗಟ್ಟಿ.”