ನಕ್ಷೆಯಲ್ಲಿಲ್ಲದ ಕೆಂಪು ಹವಳ

ಕಗ್ಗದಾಸಪುರದ ರಸ್ತೆಯಲ್ಲಿ ಮಳೆನೀರು ನಿಂತರೆ ಮೇಡಂ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ದಾಟುತ್ತಿದ್ದರು. ಆಗ ಎಡಗಾಲಿನ ಉದ್ದಕ್ಕೂ ಬಿಳಿಯ ಗೀರುಗಳು ಕಾಣುತ್ತಿದ್ದವು. ನೋಡಿದವರು ಸ್ಕೂಟರಿನಿಂದ ಬಿದ್ದ ಗಾಯ ಅಂದುಕೊಳ್ಳುತ್ತಿದ್ದರು. ಅದು ಹವಳ ಕೊಯ್ದ ಗಾಯ. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಒಕ್ಕಲು ಮನೆತನದಲ್ಲಿ ಹುಟ್ಟಿದವರು ಅವರು. ಅಪ್ಪನ ರಾಗಿ ಹೊಲದಲ್ಲಿ ತಮ್ಮನಾದವನು ಬಾಡಿಗೆ ಮನೆಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ ಅಕ್ಕ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿನಲ್ಲಿ ಮುಳುಗುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದ್ದು ಬೈಯಪ್ಪನಹಳ್ಳಿಯ ಎರಡು ಕೋಣೆಗಳ ಕಚೇರಿಯಲ್ಲಿ. ಕಡಲ ಜೀವಿಗಳ ದಾಖಲೆಗಳಿಗೆ ಮೆಟಾಡೇಟಾ ಬರೆಯುವುದು ನಮ್ಮ ಕೆಲಸ. ಹೆಸರು ಕೇಳಿ ಹೆದರಬೇಕಾಗಿಲ್ಲ. ಯಾವ ಜೀವಿ ಎಂಬುದರ ಜೊತೆಗೆ ಅದನ್ನು ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ, ಯಾರು, ಹೇಗೆ ನೋಡಿದರು ಎಂದು ಬರೆದಿಡುವುದು, ಅಷ್ಟೆ. ಅದಿಲ್ಲದಿದ್ದರೆ ಮುಂದೆ ಬರುವವರಿಗೆ ಆ ದಾಖಲೆ ಇದ್ದೂ ಇಲ್ಲದಂತೆ. "ಏನು ಸಿಕ್ತು ಅಂತ ಆಮೇಲೆ ಕುಣಿ. ಎಲ್ಲಿ ಸಿಕ್ತು ಹೇಳು ಮೊದ್ಲು" ಅನ್ನುತ್ತಿದ್ದರು ಮೇಡಂ.

ಈ ಚಟ ಕಚೇರಿಯಲ್ಲಿ ಮುಗಿಯುತ್ತಿರಲಿಲ್ಲ. ಒಂದು ಭಾನುವಾರ ನನ್ನನ್ನು ರಸೆಲ್ ಮಾರುಕಟ್ಟೆಗೆ ಎಳೆದುಕೊಂಡು ಹೋದರು.

"ಭಾಯ್, ಈ ಬಂಗುಡೆ ಎಲ್ಲಿಂದು?"

"ಮಂಗಳೂರು ಮಾಲ್ ಮೇಡಂ, ಏಕ್‌ದಂ ಫ್ರೆಶ್ಶು."

ತೂಕವಾಯಿತು, ಮೀನು ಕೊಯ್ದದ್ದಾಯಿತು, ಭಾಯ್ ಮಗಳ ಮದುವೆಯ ಮಾತೂ ಆಯಿತು. ಚೀಲ ಕೈಗೆ ಬಂದ ಮೇಲೆ ಮೇಡಂ ಏನೂ ಅರಿಯದವರಂತೆ, "ಎಲ್ಲಿಂದು ಅಂದ್ರಿ ಭಾಯ್?" ಎಂದರು.

"ಚೆನ್ನೈ, ಮೇಡಂ."

ಹೇಳಿದ ಮೇಲೆ ಭಾಯ್ ನಾಲಿಗೆ ಕಚ್ಚಿಕೊಂಡು ತಾನೇ ನಕ್ಕ. ಹೊರಗೆ ಬಂದು ಮೇಡಂ ಹೇಳಿದರು: "ಅವನೇನು ಸುಳ್ಳುಗಾರ ಅಲ್ಲ ಕಣೋ. ಗೊತ್ತಿಲ್ಲ ಅನ್ನಕ್ಕೆ ನಾಚಿಕೆ, ಅಷ್ಟೇ. ಯಾರನ್ನೇ ಆಗ್ಲಿ, ಒಂದೇ ಪ್ರಶ್ನೆ ಎರಡು ಸಲ ಕೇಳು. ಗೊತ್ತಿರೋರು ಎರಡು ಸಲಾನೂ ಅದನ್ನೇ ಹೇಳ್ತಾರೆ."

ಅವರಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದ ತಿಂಗಳಲ್ಲೇ ಇನ್ನೊಂದು ಸಿಡಿಲು ಬಡಿಯಿತು. ಅವರ ಜೀವಮಾನದ ಹವಳದ ದಾಖಲೆಗಳನ್ನು ಇಟ್ಟುಕೊಂಡಿದ್ದ ವಿದೇಶದ ಭಂಡಾರದಿಂದ ಮೇಲ್ ಬಂತು: ನಿಮ್ಮ ಹವಳಗಳು ನೆಲದ ಮೇಲಿವೆ, ತಿದ್ದಿ ಕೊಡಿ, ಇಲ್ಲದಿದ್ದರೆ ತೆಗೆದುಹಾಕುತ್ತೇವೆ. ನಕ್ಷೆ ತೆರೆದರೆ ಅಷ್ಟೂ ಹವಳ ಬೈಯಪ್ಪನಹಳ್ಳಿಯ ಮೆಟ್ರೊ ಡಿಪೊ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಕಚೇರಿಗೆ ಹೊಸದಾಗಿ ತಂದ ತಂತ್ರಾಂಶ, ಜೀವಿ ಸಿಕ್ಕ ಜಾಗವನ್ನು ಅಳಿಸಿ ನಾವು ಕುಳಿತು ಟೈಪು ಮಾಡಿದ ಜಾಗವನ್ನು ತಾನಾಗಿಯೇ ತುಂಬಿಬಿಟ್ಟಿತ್ತು. ಮೂಲ ಕಡತವಿದ್ದ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿತ್ತು, ಕೈಬರಹದ ಹಳೆಯ ಪುಸ್ತಕಗಳೂ ಉಳಿದಿರಲಿಲ್ಲ.

"ಪರ್ಪಲ್ ಲೈನ್ ಮೆಟ್ರೊದಲ್ಲಿ ನಮಗೇ ನಿಲ್ಲಕ್ಕೆ ಜಾಗ ಇಲ್ಲ, ಇವೆಲ್ಲಾ ಹತ್ತಿ ಕೂತಿವೆ ನೋಡು" ಎಂದು ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಆ ಜಾಗಗಳೆಲ್ಲ ಇನ್ನು ಉಳಿದಿದ್ದದ್ದು ಅವರ ನೆನಪಿನಲ್ಲಿ ಮಾತ್ರ. ಕಾಯಿಲೆಯೂ ನೋವಿನ ಔಷಧಿಯೂ ಸೇರಿ ಆ ನೆನಪನ್ನು ದಿನವೂ ತಿನ್ನುತ್ತಿದ್ದವು.

ದಿನಾ ಅವರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುತ್ತಿದ್ದೆ. ಮಂಚದ ಪಕ್ಕ ಕುಳಿತು ಹಳೆಯ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿದ್ದೆ. ದೋಣಿಯ ಹಿಂದೆ ಕಾಣುವ ಬಂಡೆ, ದೀಪಸ್ತಂಭ, ದಡದ ತೆಂಗು ನೋಡಿ ಅವರು ಜಾಗ ಹೇಳುತ್ತಿದ್ದರು. "ಐನೂರು ಮೀಟರ್ ಆಚೀಚೆ ಇರಬಹುದು ಅಂತ ಪಕ್ಕದಲ್ಲಿ ಬರಿ. ನಮಗೆ ಎಷ್ಟು ಗೊತ್ತೋ ಅಷ್ಟೇ ಧೈರ್ಯ ತೋರಿಸ್ಬೇಕು." ಕೆಲವು ದಿನ ಮೂರು ಫೋಟೋ ಮುಗಿಯುವುದರಲ್ಲಿ ಕಣ್ಣು ಮುಚ್ಚಿಬಿಡುತ್ತಿದ್ದರು. ಅವರು ಏಳಲಿ ಎಂದು ಕಾಯುತ್ತಾ ನಾನು ಒಳಗೊಳಗೇ ಗೋಳಾಡುತ್ತಿದ್ದೆ. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಕೊನೆಗೆ ಉಳಿದದ್ದು ಕೆಂಪು ಹವಳ. ಬೀಸಣಿಗೆಯಂತೆ ಹರಡಿಕೊಂಡ ಆ ಹವಳವನ್ನು ನಮ್ಮ ಕರಾವಳಿಯಲ್ಲಿ ಮೇಡಂ ಬಿಟ್ಟು ಬೇರಾರೂ ಕಂಡಿರಲಿಲ್ಲ. ಅವರೂ ಕಂಡದ್ದು ಒಂದೇ ಸಲ. ಅವರ ಬದುಕಿನ ಹೆಮ್ಮೆ ಅದು. ಫೋಟೋ ನೀರಿನೊಳಗಿನದು, ಬಂಡೆಯಿಲ್ಲ, ದಡವಿಲ್ಲ. ಅವರು ಮುಳುಗುತ್ತಿದ್ದದ್ದು ದೂರದೂರದ ಎರಡು ದ್ವೀಪಗಳ ಸುತ್ತ. ಯಾವುದರ ಬಳಿ?

"ಉತ್ತರದ ದ್ವೀಪ" ಎಂದರು, ತಡವರಿಸದೆ. ನಾನು ಬರೆದುಕೊಂಡೆ. ಎದ್ದು ಕುಣಿಯಬೇಕು ಅನ್ನಿಸಿತು.

ಆಮೇಲೆ ಎರಡು ಸಲ ಕೇಳುವ ಆ ನಿಯಮ ನೆನಪಾಯಿತು. ಕೇಳಬಾರದು, ಕೇಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ತಮ್ಮನ ಹೆಂಡತಿ ಗಂಜಿ ಕುಡಿಸಿ ಹೋದರು. ಅಷ್ಟರಲ್ಲಿ ನನ್ನ ಬಾಯಿ ಮತ್ತೆ ಕೇಳಿಯೇಬಿಟ್ಟಿತು.

"ದಕ್ಷಿಣದ್ದು" ಎಂದರು ಮೇಡಂ, ಅಷ್ಟೇ ಗಟ್ಟಿಯಾಗಿ. ನನ್ನ ಮುಖ ನೋಡಿ ತಡೆದರು. "ಮೊದ್ಲು ಏನಂದಿದ್ದೆ?"

"ಉತ್ತರ."

ಅವರು ಮುಖವನ್ನು ಫ್ಯಾನಿನತ್ತ ತಿರುಗಿಸಿದರು. ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು.

"ಮೇಡಂ, ಉತ್ತರ ಅಂತಾನೇ ಇರ್ಲಿ. ಯಾರಿಗೂ ಗೊತ್ತಾಗಲ್ಲ" ಎಂದು ಕೈ ಮುಗಿದೆ.

"ಯಾರೋ ಪಾಪ ನನ್ನ ಮಾತು ನಂಬ್ಕೊಂಡು ಅಲ್ಲಿ ಮುಳುಗ್ತಾರೆ ಕಣೋ. ಬೇಡ." ಉಸಿರು ಎಳೆದುಕೊಂಡರು. "ಖಾಲಿ ಬಿಡಬೇಡ, ತುಂಬಕ್ಕೆ ಮರೆತಿದಾರೆ ಅನ್ಕೋತಾರೆ. ಜಾಗ ಗೊತ್ತಿಲ್ಲ, ನೋಡಿದವರಿಗೇ ನೆನಪಿಲ್ಲ ಅಂತ ಬರಿ. ಓದು ಒಂದ್ಸಲ."

ಓದಿದೆ. ಸರಿ ಎಂಬಂತೆ ಕೈ ಆಡಿಸಿದರು. ಅವರು ನನ್ನಿಂದ ಬರೆಸಿದ ಕೊನೆಯ ಸಾಲು ಅದೇ. ವಾರ ಕಳೆಯುವುದರಲ್ಲಿ ಹೋಗಿಬಿಟ್ಟರು.

ದಾಖಲೆಗಳನ್ನು ಭಂಡಾರದವರು ಒಪ್ಪಿಕೊಂಡ ಸುದ್ದಿ ತಿಥಿಯ ದಿನ ಬಂತು. ಊಟವಾದ ಮೇಲೆ ಅವರ ತಮ್ಮ ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತರು. ಅಕ್ಕ ಅಷ್ಟು ವರ್ಷ ಮಾಡಿದ್ದೇನು ಎಂದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಕ್ಷೆ ತೆರೆದು ತೋರಿಸಿದೆ. ಹವಳಗಳ ಚುಕ್ಕೆಗಳೆಲ್ಲ ಈಗ ಕಡಲಿನಲ್ಲಿದ್ದವು.

"ನಮ್ಮಕ್ಕ ಯಾವಾಗ್ಲೂ ಹೇಳ್ತಿದ್ಲಲ್ಲಪ್ಪಾ, ಕೆಂಪು ಹವಳ. ಅದ್ಯಾವುದು ಇದ್ರಲ್ಲಿ?"

"ಅದಕ್ಕೆ ಚುಕ್ಕೆ ಇಲ್ಲ ಅಣ್ಣ."

ಅವರಿಗೆ ಅರ್ಥವಾಗಲಿಲ್ಲ. ದಪ್ಪ ಬೆರಳನ್ನು ಪರದೆಯ ನೀಲಿಯ ಮೇಲೆ ಮೆಲ್ಲಗೆ ಊರಿ, "ಇಲ್ಲೇ ಎಲ್ಲೋ ಇರುತ್ತೆ, ಅಲ್ವಾ?" ಎಂದರು. ಕಣ್ಣು ತುಂಬಿತ್ತು.

ಹೂಂ ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆ ಮನುಷ್ಯನಿಗೆ ಅಷ್ಟು ಸಮಾಧಾನವಾದರೂ ಸಿಗುತ್ತಿತ್ತು. ಬಾಯಿ ತೆರೆದೆ.

"ಗೊತ್ತಿಲ್ಲ ಅಣ್ಣ" ಎಂದೆ.