ವಕೀಲರ ಮೇಲೆ ದಾವೆ, ಹುಳುಮನೆಯ ಆಚೆ ಫೋನು

ಜೂನ್ ಹನ್ನೆರಡು, ಗುರುವಾರ. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಬರೆಯಲು ಕುಳಿತೆ.

ನನಗೆ ಎಣಿಸುವ ಚಟ. ಹೊಂಗನೂರಿನ ಚಿಕ್ಕಪ್ಪ ತಮ್ಮ ವಕೀಲರ ಮೇಲೆಯೇ ಹಾಕಿದ ದಾವೆಯ ವಾಯಿದೆಗಳನ್ನೂ ಎಣಿಸಿಟ್ಟಿದ್ದೇನೆ. ಚನ್ನಪಟ್ಟಣದಲ್ಲಿ ನಲವತ್ತೊಂದು, ಗೆದ್ದೆವು. ವಕೀಲರು ಮೇಲ್ಮನವಿ ಹೋದ ರಾಮನಗರದಲ್ಲಿ ಆರು, ಸೋತೆವು. ಆರು ನಲವತ್ತೊಂದನ್ನು ನುಂಗುವುದು ಯಾವ ಮಗ್ಗಿಯಲ್ಲಿದೆ ಎಂಬುದು ನನ್ನ ಮೊದಲ ಅನುಮಾನ.

ಎರಡನೆಯದು ಕಾಫಿಯದು. ಚನ್ನಪಟ್ಟಣದಲ್ಲಿ ಯಾರೂ ಆ ವಕೀಲರ ವಿರುದ್ಧ ವಕಾಲತ್ತಿಗೆ ಒಪ್ಪದೆ ಕನಕಪುರದಿಂದ ಬೇರೊಬ್ಬ ವಕೀಲರನ್ನು ಕರೆತಂದಿದ್ದೆವು. ರಾಮನಗರದ ತೀರ್ಪಿನ ದಿನ ಅವರೂ ಎದುರಾಳಿ ವಕೀಲರನ್ನು 'ಅಣ್ಣ' ಎನ್ನುತ್ತ ಬೈಟು ಕಾಫಿ ಕುಡಿದರು.

"ಕರಿಕೋಟುಗಳ್ನ ಒಗೆಯಕ್ ಹಾಕುದ್ರೆ ಯಾವ್ದು ಯಾರ್ದು ಅಂತ ಗೊತ್ತಾಯ್ತದಾ ಕಣವ್ವ?" ಎಂದರು ಚಿಕ್ಕಪ್ಪ.

"ಕೋಟು ಅತ್ಲಾಗಿರ್ಲಿ, ಅವತ್ತು ನೀನ್ಯಾಕ್ ಹೋಗ್ನಿಲ್ಲ?" ಎಂದರು ಚಿಕ್ಕಮ್ಮ.

ಎಲ್ಲ ಇರುವುದು ಆ 'ಅವತ್ತಿ'ನಲ್ಲೇ. ಹಿಪ್ಪುನೇರಳೆ ತೋಟದ ದಾರಿಯ ಮೊಕದ್ದಮೆಯಲ್ಲಿ ಚಿಕ್ಕಪ್ಪ ಸಾಕ್ಷಿ ಹೇಳಬೇಕಿದ್ದ ದಿನ ಅವರೂ ಹೋಗಲಿಲ್ಲ, ಆಗ ನಮ್ಮ ಪರವಿದ್ದ ಈ ವಕೀಲರೂ ಹೋಗಲಿಲ್ಲ. ಮೊಕದ್ದಮೆ ವಜಾ ಆಗಿ ದಾರಿಗೆ ಬೇಲಿ ಬಿತ್ತು; ವಕೀಲರ ಮೇಲಿನ ದಾವೆ ಅದಕ್ಕೇ. ವಕೀಲರು ಕರೆದರೆ ಹೊರಡುವುದು ನಮ್ಮ ರೂಢಿ. ಕರೆಯಲೇ ಇಲ್ಲ ಎಂದು ಚಿಕ್ಕಪ್ಪ, ಫೋನ್ ಮಾಡಿದೆ ಎತ್ತಲಿಲ್ಲ ಎಂದು ವಕೀಲರು. ಕೆಳಗಿನ ಕೋರ್ಟು ಚಿಕ್ಕಪ್ಪನನ್ನು ನಂಬಿತು. ಕರೆದಿಲ್ಲವೆಂದು ರುಜುವಾತು ಮಾಡಬೇಕಾದವರು ನೀವೇ ಎಂದಿತು ಮೇಲಿನದು. ಬಾರದ ಫೋನನ್ನು ತೋರಿಸುವುದು ಹೇಗೆ? 'ಗೆದ್ದವ ಸೋತ, ಸೋತವ ಸತ್ತ' ಎಂದ ಹಿರಿಯರು ಗೆದ್ದು ಸೋತವನ ಗತಿ ಹೇಳಿಲ್ಲ.

ಹೈಕೋರ್ಟಿಗೆ ಹೋಗಲು ತೊಂಬತ್ತು ದಿನ, ಮೂವತ್ತೊಂದು ಕಳೆದಿವೆ. ಹೊಸ ಸಾಕ್ಷ್ಯ ಒಪ್ಪುವುದು ಅಪರೂಪ, ಆದರೂ ಆ ದಿನದ ಬರಹವೇನಾದರೂ ಇದೆಯೇ ಎಂದು ಕನಕಪುರದವರು ಕೇಳಿದರು.

"ನಮ್ ಹುಡ್ಗಿ ದಿನಾ ಬರೀತಾಳೆ ಸಾ, ಒಂದ್ ದಿನಾನೂ ಬುಟ್ಟಿಲ್ಲ," ಎಂದು ಚಿಕ್ಕಪ್ಪ ಹೆಮ್ಮೆಪಟ್ಟರು.

ನಿನ್ನೆ ಆ ಪುಟ ತೆಗೆದೆ. 'ಹುಳು ಹಣ್ಣಾದವು. ಸಂಜೆಯವರೆಗೂ ಎಲ್ಲರೂ ಸೇರಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಚಂದ್ರಿಕೆ ನಲವತ್ತು. ಹೊರಗೆ ಚಿಕ್ಕಪ್ಪನ ಫೋನು ಮೂರು ಸಲ.'

ಹಣ್ಣಾದ ರೇಷ್ಮೆಹುಳು ಬಿಟ್ಟು ನಮ್ಮಲ್ಲಿ ಯಾರೂ ಏಳುವುದಿಲ್ಲ. ಫೋನು ಹುಳುಮನೆಯ ಆಚೆ, ಮೊಳೆಗೆ ಹಾಕಿದ ಚೀಲದಲ್ಲಿರುತ್ತದೆ. ತಪ್ಪಿದ ಕರೆ ನೋಡುವ ಅಭ್ಯಾಸ ಚಿಕ್ಕಪ್ಪನಿಗಿಲ್ಲ. ಮೂರೆಂದು ಎಣಿಸಿದ ನಾನೂ ಯಾರದೆಂದು ನೋಡಲಿಲ್ಲ. ವಕೀಲರದಿರಬಹುದು, ಹಿಪ್ಪುನೇರಳೆ ಸೊಪ್ಪು ಕೇಳುವವರದೂ ಇರಬಹುದು. ಊರೆಲ್ಲರನ್ನೂ ಅನುಮಾನಿಸಿ ಬಂದವಳಿಗೆ ಈಗ ನನ್ನ ಅಕ್ಷರದ ಮೇಲೇ ಅನುಮಾನ.

ಶನಿವಾರ ಕನಕಪುರದವರಿಗೆ ಡೈರಿ ಕೊಡಬೇಕು. ಪುಟ ಹರಿಯದೆ ಕೊಡುತ್ತೇನೆ. ವರ್ಷಗಳ ಹಿಂದಿನ ಕರೆ ಯಾರದೆಂದು ತಿಳಿಯುವ ಉಪಾಯ ಬಲ್ಲವರು ಇದನ್ನು ಓದುವವರಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಉತ್ತರ ನಮ್ಮ ಪರವಾಗಿಯೇ ಇರಬೇಕೆಂದಿಲ್ಲ. ಪರವಾಗಿ ಇಲ್ಲದಿದ್ದರೆ, ಅದನ್ನು ಚಿಕ್ಕಪ್ಪನಿಗೆ ಹೇಗೆ ಹೇಳುವುದೆಂದು ಒಂದು ಸಾಲು ಸೇರಿಸಿದರೆ ಉಪಕಾರವಾದೀತು.