ತವರಿಗೊಂದು ವೀಸಾ

ಪಾಸ್‌ಪೋರ್ಟ್ ಅಳತೆಯ ಫೋಟೋದಲ್ಲಿ ಮುಖಕ್ಕಿಂತ ಕಿವಿಗೇ ಹೆಚ್ಚು ಮರ್ಯಾದೆ ಎಂಬುದು ಮೊನ್ನೆ ಮೊನ್ನೆಯವರೆಗೂ ನನಗೆ ತಿಳಿದಿರಲಿಲ್ಲ. ಮೊನ್ನೆ ಎಂದೆನೇ? ಮಾರ್ಚ್ ತಿಂಗಳಿರಬೇಕು. ಹಲಸೂರು ಕೆರೆಯ ಬದಿಯಲ್ಲಿ ಹೊಂಗೆ ಚಿಗುರಿತ್ತು ಎಂದು ನೆನಪು. ಆದರೆ ಆ ಚಿಗುರು ಹಿಂದಿನ ವರ್ಷದ್ದೂ ಆಗಿರಬಹುದು, ನನ್ನ ನೆನಪಿಗೆ ವರ್ಷಗಳನ್ನು ಒಂದರ ಮೇಲೊಂದು ಹೊದಿಸಿಡುವ ಕೆಟ್ಟ ಅಭ್ಯಾಸವಿದೆ. ದಿನಚರಿ ತೆಗೆದು ನೋಡಿದರೆ ಅಲ್ಲಿ 'ಚಿಕ್ಕಮ್ಮನ ಕಿವಿ' ಎಂದಷ್ಟೇ ಬರೆದಿದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಆಧಾರಗಳ ಮಹತ್ವದ ಬಗ್ಗೆ ಉದ್ದುದ್ದ ಉತ್ತರ ಬರೆದವಳು ಉಳಿಸಿಕೊಂಡ ಆಧಾರ ಇದು. ಆದ್ದರಿಂದ ಮುಂದಿನ ವಿವರಗಳಲ್ಲಿ ಒಂದೆರಡು ಸ್ಥಾನಪಲ್ಲಟವಾಗಿದ್ದರೆ ಓದುಗರು ನನ್ನನ್ನು ಮನ್ನಿಸಬೇಕು, ಚಿಕ್ಕಮ್ಮನಂತೂ ಮನ್ನಿಸುವವರಲ್ಲ.

ಚಿಕ್ಕಮ್ಮನ ಕಿವಿಗಳ ಮೇಲೆ ನರೆಗೂದಲಿನ ಎರಡು ಸುರುಳಿ ಬಹಳ ಕಾಲದಿಂದ ನೆಲೆಸಿವೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಫೋಟೋ, ಟಿಕೆಟ್, ವೀಸಾ ಮೂರನ್ನೂ ಒಂದೇ ಮೇಜಿನ ಮೇಲೆ ನಡೆಸುವ ಇಮ್ತಿಯಾಜ್, ಕ್ಯಾಮೆರಾ ಹಿಡಿದು ಬಗ್ಗಿ ನಿಂತಿದ್ದ.

"ಅಮ್ಮಾ, ಕಿವಿ ತೋರ್ಸಿ. ಹಾಂ, ಥೋಡಾ ಈ ಕಡೆ. ನಗ್ಬೇಡಿ, ನಕ್ರೆ ಆಗಲ್ಲ."

"ತವರಿಗೆ ಹೋಗೋಳು ನಗದೆ ಅತ್ಕೊಂಡು ಹೋಗ್ಲೇನಪ್ಪಾ?"

"ತವರಾ? ಮೇಡಂ ಫೋನಲ್ಲಿ ಘಾನಾ ಅಂದ್ರಲ್ಲ?"

"ಹೂಂ. ಅಲ್ಲೇ."

ಇಮ್ತಿಯಾಜ್ ಕ್ಯಾಮೆರಾ ಇಳಿಸಿ ನನ್ನ ಮುಖ ನೋಡಿದ. ದುಬೈ, ಜೆಡ್ಡಾ, ಮಸ್ಕತ್ತುಗಳಿಗೆ ಜನರನ್ನು ಕಳಿಸಿ ಪಳಗಿದವನಿಗೆ ಪಶ್ಚಿಮ ಆಫ್ರಿಕದಲ್ಲಿ ತವರುಮನೆಯುಳ್ಳ ಹಲಸೂರಿನ ಹೆಂಗಸು ಇದೇ ಮೊದಲಿರಬೇಕು. ನಾನು ವಿವರಿಸಿದೆ. ಅಜ್ಜ ಅಜ್ಜಿ ಹೋದರು, ನನ್ನ ಅಮ್ಮ ಹೋದಳು, ಬಾಡಿಗೆಯ ಹಳೆಯ ಮನೆಯಿದ್ದಲ್ಲಿ ಈಗ ಜಿಮ್ ಇದೆ. ಚಿಕ್ಕಮ್ಮನಿಗೆ ಉಳಿದಿರುವುದು ಒಬ್ಬ ಅಣ್ಣ, ನನ್ನ ಮುರಳಿ ಮಾಮ. ಅವರು ತಾರುಣ್ಯದಲ್ಲಿ ಬಟ್ಟೆ ವ್ಯಾಪಾರದ ಕಂಪನಿಯೊಂದರ ಲೆಕ್ಕ ನೋಡಲು ಘಾನಾದ ಅಕ್ರಾ ನಗರಕ್ಕೆ ಹೋಗಿ, ಅಲ್ಲಿಯೇ ಅಬೆನಾ ಎಂಬುವರನ್ನು ಮದುವೆಯಾಗಿ, ಅಲ್ಲಿಯೇ ಮುದುಕರಾದರು. ಅಣ್ಣನಿರುವಲ್ಲಿ ತವರು ಎಂಬುದು ನಮ್ಮ ಹೆಂಗಸರ ಭೂಗೋಳ. ಆ ಭೂಗೋಳದ ಪ್ರಕಾರ ಚಿಕ್ಕಮ್ಮನ ತವರು ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿದೆ. ಮಾಮನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ವೈದ್ಯರು ವಿಮಾನ ಹತ್ತಬಾರದೆಂದು ಹೇಳಿದ ಮೇಲೆ, ಭಾನುವಾರದ ಫೋನಿನಲ್ಲಿ ಅಣ್ಣ ತಂಗಿ ಇಬ್ಬರೂ ಹವಾಮಾನದ ಬಗ್ಗೆ ವಿಪರೀತ ಮಾತಾಡತೊಡಗಿದ್ದರು. ಒಂದು ಭಾನುವಾರ ಚಿಕ್ಕಮ್ಮ ಫೋನಿಟ್ಟು, "ನಾನೇ ಹೋಗ್ತೀನಿ ಕಣೇ, ಅವನನ್ನ ಒಂದ್ಸಲ ಕಣ್ತುಂಬ ನೋಡ್ಬೇಕು" ಎಂದರು. ಅವರು ಬೇರೆ ಏನನ್ನೂ ಅಷ್ಟು ನೇರವಾಗಿ ಕೇಳಿದ್ದನ್ನು ನಾನು ಕಂಡಿಲ್ಲ.

ತವರಿಗೆ ಹೋಗಲು ಅರ್ಜಿ ಹಾಕಬೇಕಾಗುತ್ತದೆ ಎಂಬ ಸಂಗತಿಗೆ ಅವರು ಹೊಂದಿಕೊಳ್ಳಲು ಕೊಂಚ ಸಮಯ ಹಿಡಿಯಿತು. ಆದರೆ ಆತಿಥೇಯರ ಆಹ್ವಾನಪತ್ರ ಬೇಕೆಂಬ ನಿಯಮ ಮಾತ್ರ ಅವರಿಗೆ ಮೆಚ್ಚುಗೆಯಾಯಿತು. "ಸರಿ ಮತ್ತೆ. ಕರೀದೆ ಹೋಗಕ್ಕಾಗತ್ತಾ? ಒಳ್ಳೇ ಸಂಸ್ಕಾರ ಇರೋ ಸರ್ಕಾರ." ಮಾಮ ಆಹ್ವಾನ ಬರೆದು ಕಳಿಸಿದರು, ಇಮ್ತಿಯಾಜ್ ಎಲ್ಲವನ್ನೂ ದಿಲ್ಲಿಯ ಘಾನಾ ಕಚೇರಿಗೆ ಕಳಿಸಿದ, ಕೆಲವು ದಿನಗಳಲ್ಲಿ ಎಲ್ಲವೂ ಅಷ್ಟೇ ಅಚ್ಚುಕಟ್ಟಾಗಿ ಹಿಂದಿರುಗಿ ಬಂದವು. ಆಹ್ವಾನದಲ್ಲಿ ಅತಿಥಿ ಎಷ್ಟು ದಿನ ಉಳಿಯುತ್ತಾರೆಂಬುದನ್ನು ಹೇಳಿಲ್ಲ, ಹಿಂದಿರುಗುವ ದಿನಾಂಕವಿಲ್ಲ. ಅಲ್ಲಿ ಮಾಮ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟೇ: ಆಕೆ ನನ್ನ ತಂಗಿ, ಆಕೆಗೆ ಇಷ್ಟವಿರುವಷ್ಟು ಕಾಲ ಇರುತ್ತಾಳೆ.

ನಾನು ಫೋನು ಮಾಡಿದೆ. ಜೀವನವಿಡೀ ಲೆಕ್ಕಪತ್ರ ಬರೆದ ಮಾಮ ಒಂದು ತಾರೀಖು ಹಾಕಲು ಒಪ್ಪಲಿಲ್ಲ.

"ಅವಳು ಇನ್ನೂ ಬಂದೇ ಇಲ್ಲ, ಕಳಿಸೋ ದಿನ ಬರೀಲೇನೇ? ಮನೆ ಹೆಣ್ಮಗಳಿಗೆ? ನಿಮ್ಮಜ್ಜಿ ಇದ್ದಿದ್ರೆ ಕೈ ಮುರೀತಿದ್ರು."

"ಮಾಮ, ಅದು ಆಫೀಸಿಗೆ. ಚಿಕ್ಕಮ್ಮನಿಗಲ್ಲ."

"ಅವಳ ಹೆಸರಿನ ಮುಂದೆ ತಾನೇ ಬರೆಯೋದು? ಆಗಲ್ಲಮ್ಮ."

ಇದನ್ನು ಹಟ ಎಂದು ನಾನು ಬೈದುಕೊಂಡೆ; ಆದರೆ ಯೋಚಿಸಿದರೆ ನಾನೂ ಅದೇ ಮಣ್ಣಿನ ಮಡಕೆ. ನಮ್ಮ ಮನೆಯಲ್ಲಿ ಬಂದವರನ್ನು ಊಟವಾಯಿತೇ, ಮಂಡಿ ನೋವು ಹೇಗಿದೆ ಎಂಬುದರಿಂದ ಹಿಡಿದು ಸೊಸೆಗೆ ಯಾಕೆ ಮಕ್ಕಳಾಗಿಲ್ಲ ಎಂಬುದರವರೆಗೆ ಏನನ್ನು ಬೇಕಾದರೂ ಕೇಳಬಹುದು. 'ಯಾವಾಗ ಹೊರಡ್ತೀರಿ' ಎಂದು ಮಾತ್ರ ಕೇಳುವಂತಿಲ್ಲ. ಹಾಲಿನವನಿಗೆ ಎಷ್ಟು ದಿನ ಹೆಚ್ಚು ಹಾಲು ಹೇಳಬೇಕೆಂದು ತಿಳಿಯದೆ ನನ್ನ ಅಮ್ಮ ಪರದಾಡುತ್ತಿದ್ದಳು, ಆದರೂ ಕೇಳುತ್ತಿರಲಿಲ್ಲ. ನಾನು ಗಂಡನ ಮನೆಯಿಂದ ಬಂದಾಗಲೂ, ಚೀಲದಲ್ಲಿ ಎಷ್ಟು ಸೀರೆಗಳಿವೆ ಎಂದು ಕಣ್ಣಿನಲ್ಲೇ ಅಂದಾಜು ಮಾಡಿ ಅಕ್ಕಿ ನೆನೆಹಾಕುತ್ತಿದ್ದಳು. ಜಗತ್ತಿನ ಯಾವ ವಲಸೆ ಅಧಿಕಾರಿಗೂ ಇಷ್ಟು ನಾಜೂಕಿನ ತಪಾಸಣೆ ಬರಲಾರದು.

ಬಿಕ್ಕಟ್ಟನ್ನು ಬಿಡಿಸಿದವರು ಅಬೆನಾ ಅತ್ತೆ. ಗಂಡನಿಗೆ ಹೇಳದೆ ತಮ್ಮ ಹೆಸರಿನಲ್ಲೇ ಹೊಸ ಆಹ್ವಾನ ಬರೆದು, ಬರುವ ದಿನ, ಹೋಗುವ ದಿನ ಎರಡನ್ನೂ ನಮೂದಿಸಿ, ತಮ್ಮ ಗುರುತಿನ ಚೀಟಿಯ ಪ್ರತಿ ಸೇರಿಸಿ ಕಳಿಸಿದರು. ಚಿಕ್ಕಮ್ಮ ಅದನ್ನು ನನ್ನ ಫೋನಿನಲ್ಲಿ ದೊಡ್ಡದು ಮಾಡಿ ಓದಿ, "ನೋಡ್ದ್ಯಾ? ಅತ್ತಿಗೆ ಯಾವೂರಲ್ಲಿದ್ರೂ ಅತ್ತಿಗೆ. ಬರೋ ಮೊದ್ಲೇ ಕಳಿಸೋ ದಿನ ಗೊತ್ತು ಮಾಡಿದಾಳೆ" ಎಂದು ನಕ್ಕರು. ಆ ನಗುವಿನ ಒಳಗೆ ಏನೋ ಬೇರೆ ಇತ್ತು ಎಂದು ನನಗನ್ನಿಸಿತು. ಅಥವಾ ಈಗ ಬರೆಯುವಾಗ ಅನ್ನಿಸುತ್ತಿದೆ. ಮಾಮನ ಮದುವೆಯ ಸುದ್ದಿ ಬಂದಾಗ ನಮ್ಮ ಮನೆಯಿಂದ ಉತ್ತರ ಹೋಗಲಿಲ್ಲ ಎಂದು ಕೇಳಿದ್ದೇನೆ. ಅಬೆನಾ ಅತ್ತೆ ಒಮ್ಮೆ ಹಬ್ಬದ ಹೊತ್ತಿಗೆ ಇಲ್ಲಿಗೆ ಬಂದಿದ್ದರು. ಅವರ ಬಟ್ಟೆ ಹಸಿರಿತ್ತೆಂದು ನಾನು, ನೀಲಿಯೆಂದು ಚಿಕ್ಕಮ್ಮ. ಯಾವ ಬಣ್ಣವಾದರೂ ಇರಲಿ, ಅರಿಶಿನ ಕುಂಕುಮ ಕೊಟ್ಟರೇ ಹೊರತು ಗೌರಿಹಬ್ಬದಲ್ಲಿ ಅತ್ತಿಗೆಗೆ ಸಲ್ಲುವ ಮೊರದ ಬಾಗಿನವನ್ನು ಯಾರೂ ಕೊಡಲಿಲ್ಲ ಎಂಬುದರ ಬಗ್ಗೆ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ವೀಸಾ ಸಿಗಬೇಕಾದರೆ ಹಳದಿ ಜ್ವರದ ಲಸಿಕೆಯಾಗಿರಬೇಕು. ಅದಿಲ್ಲದೆ ಆ ನೆಲದಲ್ಲಿ ಕಾಲಿಡುವಂತಿಲ್ಲ. ಅರವತ್ತು ದಾಟಿದವರಿಗೆ ಲಸಿಕೆಯ ಅಪಾಯ ತೂಗಿ ನೋಡಿ ಕೊಡುತ್ತಾರೆ. ಲಸಿಕಾ ಕೇಂದ್ರಕ್ಕೆ ನಮ್ಮ ಜೊತೆ ಬಂದವರು ಚಿಕ್ಕಮ್ಮನ ಪಕ್ಕದ ಮನೆಯ ಫಿಲೋ ಆಂಟಿ. ಹಲಸೂರಿನಲ್ಲಿ ಒಬ್ಬರು ಸೂಜಿ ಚುಚ್ಚಿಸಿಕೊಳ್ಳಲು ಹೋದರೆ ಇನ್ನೊಬ್ಬರು ಫ್ಲಾಸ್ಕ್ ಹಿಡಿದು ಹೊರಡುವುದು ವಾಡಿಕೆ. ತರುಣ ವೈದ್ಯೆ ಚಿಕ್ಕಮ್ಮನ ರಕ್ತದೊತ್ತಡ ನೋಡಿ, ಹಳೆಯ ಚೀಟಿಗಳನ್ನೆಲ್ಲ ಓದಿ, ಸಮಾಧಾನಗೊಂಡು, ಕೊನೆಯದಾಗಿ ಕೇಳಿದಳು:

"ಮೊಟ್ಟೆ ಅಲರ್ಜಿ ಇದೆಯಾ ಅಮ್ಮಾ? ಈ ಲಸಿಕೇನ ಮೊಟ್ಟೇಲಿ ಬೆಳೆಸ್ತಾರೆ."

"ತಿಂದಿದ್ರೆ ತಾನೇ ಗೊತ್ತಾಗೋದು? ನಾವು ಮುಟ್ಟೋದೇ ಇಲ್ಲ."

ವೈದ್ಯೆ ಲೇಖನಿ ಕೆಳಗಿಟ್ಟಳು. "ಯಾವತ್ತೂ ತಿಂದೇ ಇಲ್ಲ ಅಂದ್ರೆ ನಾನು ಹೇಗೆ ಕೊಡ್ಲಿ? ಈ ವಯಸ್ಸಲ್ಲಿ ರಿಸ್ಕ್ ಬೇಡ. ಮೊದ್ಲು ಅಲರ್ಜಿ ಟೆಸ್ಟ್ ಮಾಡ್ಸಿ, ಆಮೇಲೆ ನೋಡೋಣ."

ಆಮೇಲೆ ಎಂದರೆ ವೀಸಾ ತಡವಾಗುತ್ತದೆ, ಆಹ್ವಾನದ ದಿನಾಂಕ ಮೀರುತ್ತದೆ, ಮಾಮನ ಹೃದಯ ಯಾರ ಕ್ಯಾಲೆಂಡರನ್ನೂ ನೋಡಿ ನಡೆಯುವುದಿಲ್ಲ. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಗ ಹಿಂದಿನ ಬೆಂಚಿನಿಂದ ಫಿಲೋ ಆಂಟಿ ಗಂಟಲು ಸರಿಮಾಡಿಕೊಂಡರು.

"ಡಾಕ್ಟರ್, ಅವಳು ತಿಂದಿದಾಳೆ. ಪ್ರತಿ ಕ್ರಿಸ್‌ಮಸ್ಸಿಗೆ ನನ್ನ ಪ್ಲಮ್ ಕೇಕ್."

"ಅದು ಮೊಟ್ಟೆ ಹಾಕದ ಕೇಕು" ಎಂದರು ಚಿಕ್ಕಮ್ಮ, ಬಾಗಿಲಿನ ಕಡೆ ನೋಡುತ್ತ.

"ಅಯ್ಯೋ ಸುಶೀಲಾ, ಮೊಟ್ಟೆ ಇಲ್ದೆ ಅದು ಹಂಗೆ ಉಬ್ಬತ್ತೇನಮ್ಮಾ? ನಿನಗೆ ಗೊತ್ತು. ನಿನಗೆ ಗೊತ್ತು ಅಂತ ನನಗೂ ಗೊತ್ತು. ಹೋದ ವರ್ಷ ಡಬ್ಬ ವಾಪಸ್ ಕೊಟ್ಟಾಗ ತಳ ಕೂಡ ಒರೆಸಿತ್ತು."

ಅದೆಷ್ಟೋ ಡಿಸೆಂಬರುಗಳಿಂದ ಇಬ್ಬರು ಗೆಳತಿಯರು ಒಂದೇ ಗೋಡೆಯ ಆಚೆ ಈಚೆ ನಿಂತು ಕಾಪಾಡಿಕೊಂಡು ಬಂದಿದ್ದ ಸೌಜನ್ಯ ಅದು. ಒಬ್ಬರು ಕೇಳುತ್ತಿರಲಿಲ್ಲ, ಒಬ್ಬರು ಹೇಳುತ್ತಿರಲಿಲ್ಲ, ಕೇಕು ಮಾತ್ರ ಗೋಡೆ ದಾಟುತ್ತಿತ್ತು. ವೈದ್ಯೆ ನಗು ತಡೆದುಕೊಂಡು, "ತಿಂದ್ಮೇಲೆ ತುರಿಕೆ, ಉಸಿರಾಟದ ತೊಂದ್ರೆ ಏನಾದ್ರೂ ಆಗಿತ್ತಾ?" ಎಂದಳು. ಚಿಕ್ಕಮ್ಮ ನನ್ನನ್ನು ನೋಡಿದರು, ಫಿಲೋ ಆಂಟಿಯನ್ನು ನೋಡಿದರು, ಕೊನೆಗೆ ಅಣ್ಣನನ್ನು ನೆನೆದಿರಬೇಕು.

"ಏನೂ ಆಗ್ಲಿಲ್ಲ. ಇನ್ನೊಂದು ಚೂರು ಇದ್ದಿದ್ರೆ ಅನ್ನಿಸ್ತಿತ್ತು, ಅಷ್ಟೇ" ಎಂದು ತೋಳು ಚಾಚಿದರು.

ಮಿಕ್ಕದ್ದು ಸುಂಕದ ಮಾತು. ಚಿಕ್ಕಮ್ಮ ರಸೆಲ್ ಮಾರುಕಟ್ಟೆಯಿಂದ ಒಂದು ಜೊತೆ ಬಿದಿರಿನ ಮೊರ ತಂದು, ಅಕ್ಕಿ, ಬೇಳೆ, ಬೆಲ್ಲ, ಬಳೆ, ಕಣ ಎಲ್ಲವನ್ನೂ ತುಂಬಿ ಬಾಗಿನ ಸಿದ್ಧಮಾಡಿ ಕೂತಿದ್ದರು. ವೀಸಾ ಅಂಟಿದ ಪಾಸ್‌ಪೋರ್ಟ್ ತಂದುಕೊಡಲು ಬಂದ ಇಮ್ತಿಯಾಜ್ ಅದನ್ನು ಕಂಡು ತಲೆ ಹಿಡಿದುಕೊಂಡ.

"ಅಮ್ಮಾ, ಕಾಳು ಬೀಜ ಎಲ್ಲಾ ಪರ್ಮಿಟ್ ಇಲ್ದೆ ಬಿಡಲ್ಲ. ತೆಗೆದು ಬಿಸಾಕ್ತಾರೆ. ಖಾಲಿ ಮೊರ ತಗೊಂಡೋಗಿ, ಕೇಳಿದ್ರೆ ತೋರ್ಸಿ, ಬಚ್ಚಿಡ್ಬೇಡಿ."

"ಖಾಲಿ ಮೊರ ಕೊಡ್ತಾರೇನಪ್ಪಾ ಯಾರಾದ್ರೂ ಅತ್ತಿಗೆಗೆ?"

ಈ ಧರ್ಮಸಂಕಟವನ್ನೂ ಫೋನಿನಲ್ಲಿ ಅಬೆನಾ ಅತ್ತೆಯೇ ಪರಿಹರಿಸಿದರು. ಅವರ ಇಂಗ್ಲಿಷನ್ನು ನಾನು ಚಿಕ್ಕಮ್ಮನಿಗೆ ಹೇಳಿದ್ದು ಹೀಗೆ: "ಬುಟ್ಟಿ ನಿಮ್ಮದು ತನ್ನಿ, ಅಕ್ಕಿ ನಮ್ಮೂರಿನದು ಹಾಕೋಣ. ಇನ್ನು ಆ ತಾರೀಖು ಆಫೀಸಿನವರಿಗೆ ಬರೆದದ್ದು. ಬದಲಾಯಿಸಬಹುದಾದ ಟಿಕೆಟ್ಟನ್ನೇ ತೆಗೆಯಿರಿ." ಚಿಕ್ಕಮ್ಮ ಮೊರದಿಂದ ಬೇಳೆಯನ್ನು ಡಬ್ಬಕ್ಕೆ ಸುರಿದರು. ಬಳೆ ಮತ್ತು ಕಣವನ್ನು ಮಾತ್ರ ಒಳಗೇ ಬಿಟ್ಟು, ಒಂದು ಮೊರದ ಮೇಲೆ ಇನ್ನೊಂದನ್ನು ಕವುಚಿ ದಾರ ಕಟ್ಟಿದರು.

ಅಕ್ರಾದ ವಿಮಾನನಿಲ್ದಾಣದಲ್ಲಿ ನಡೆದದ್ದು ಅವರೇ ಫೋನಿನಲ್ಲಿ ಹೇಳಿದ್ದು, ನಾನು ಸಾಕ್ಷಿಯಲ್ಲ. ವಲಸೆ ಅಧಿಕಾರಿ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದಳಂತೆ. ಚಿಕ್ಕಮ್ಮ ತಮಗೆ ಬರುವ ಇಂಗ್ಲಿಷಿನಲ್ಲಿ, ಅದನ್ನು ನನ್ನ ಅತ್ತಿಗೆ ಬರೆದಿದ್ದಾಳೆ, ನನಗೆ ಹೇಳಲು ಬಾಯಿ ಬರುವುದಿಲ್ಲ ಎಂದರಂತೆ. ಆಕೆ ಕಾಗದ ನೋಡಿ, ನಕ್ಕು, ಠಸ್ಸೆ ಒತ್ತಿದಳಂತೆ. ಸುಂಕದವನು ಮೊರ ಬಿಚ್ಚಿಸಿ, ಬಡಿದು ನೋಡಿ, ಮತ್ತೆ ಅವನೇ ದಾರ ಕಟ್ಟಿಕೊಟ್ಟನಂತೆ. ಹೊರಗೆ ಮಾಮ ಗಾಲಿಕುರ್ಚಿ ಬೇಡವೆಂದು ಕಂಬ ಹಿಡಿದು ನಿಂತಿದ್ದರಂತೆ. "ಸಣ್ಣಗಾಗಿದಾನೆ ಕಣೇ" ಎಂದು ಹೇಳಿ ಚಿಕ್ಕಮ್ಮ ಫೋನಿಟ್ಟುಬಿಟ್ಟರು.

ಮರುವಾರ ಚಿತ್ರ ಬಂತು. ಗೌರಿಹಬ್ಬಕ್ಕೆ ಇನ್ನೂ ತಿಂಗಳುಗಳಿದ್ದವು, ಆದರೆ ಚಿಕ್ಕಮ್ಮ ಹಬ್ಬಕ್ಕಾಗಿ ಕಾಯಲಿಲ್ಲ. ಇಬ್ಬರು ಮುದುಕಿಯರು ಸೆರಗು ಹೊದ್ದು ಮೊರದ ಎರಡು ಬದಿ ಹಿಡಿದು ಮುಂದೆ ಹಿಂದೆ ಆಡಿಸುತ್ತಿದ್ದಾರೆ. ಅಬೆನಾ ಅತ್ತೆಯ ಸೆರಗು ಅವರದೇ ದೇಶದ ಬಟ್ಟೆಯದು, ಹಸಿರೂ ಇದೆ, ನೀಲಿಯೂ ಇದೆ.

ಟಿಕೆಟ್ಟಿನ ದಿನಾಂಕ ಒಮ್ಮೆ ಮುಂದೆ ಹೋಗಿದೆ. ಚಿಕ್ಕಮ್ಮನ ಮನೆ ನೋಡಿಕೊಂಡು ಬರಲು ಹೋದಾಗಲೆಲ್ಲ, ಅವರು ಯಾವಾಗ ಬರುತ್ತಾರೆಂದು ಫಿಲೋ ಆಂಟಿ ಗೋಡೆಯ ಮೇಲಿನಿಂದ ನನ್ನನ್ನು ಕೇಳುತ್ತಾರೆ. ಅಲ್ಲಿಗೆ ಫೋನು ಮಾಡಿ ಕೇಳುವುದಿಲ್ಲ, ನಾನೂ ಕೇಳಿಲ್ಲ. ಆದರೆ ಕಳೆದ ಭಾನುವಾರ ಫೋನು ಎತ್ತಿಕೊಂಡವರು ಮಾಮ. ಅವರ ದನಿ ಚೆನ್ನಾಗಿತ್ತು, ಒಳಗೆ ಒಗ್ಗರಣೆಯ ಸದ್ದಿತ್ತು, ನನಗೆ ಧೈರ್ಯ ಬಂತು. ಮನೆಗೆ ಬಂದವರನ್ನು ಯಾವಾಗ ಹೋಗ್ತೀರಿ ಎಂದು ಕೇಳದಿರುವುದು ನಮ್ಮ ಪ್ರೀತಿ, ಸರಿ. ಮನೆಯಿಂದ ಹೊರಟವರನ್ನೂ ನಾವು ಅದೇ ನಾಜೂಕಿನಿಂದ ಸುಮ್ಮನೆ ಕಳಿಸಿಬಿಟ್ಟೆವೇ ಎಂಬ ಅನುಮಾನ ನನಗೆ ಈ ವೀಸಾದ ಓಡಾಟದಲ್ಲಿ ಹುಟ್ಟಿತ್ತು. ಅದನ್ನೇ ಕೇಳಿದೆ. ಮಾಮ "ತಗೋ, ನಿನ್ನ ಚಿಕ್ಕಮ್ಮ ಮಾತಾಡ್ತಾಳಂತೆ" ಎಂದು ಫೋನು ಕೊಟ್ಟುಬಿಟ್ಟರು. ಚಿಕ್ಕಮ್ಮ ಬಾಳೆಕಾಯಿಯ ಬಗ್ಗೆ ಏನೇನೋ ಹೇಳಿದರು, ನನ್ನ ಗಮನವಿರಲಿಲ್ಲ. ನಾನು ಮಾಮನನ್ನು ಕೇಳಿದ್ದು ಇಷ್ಟೇ:

"ಮಾಮ, ನೀವು ಮೊದಲನೇ ಸಲ ಹೊರಟಾಗ, ಯಾವಾಗ ವಾಪಸ್ ಬರ್ತೀಯ ಅಂತ ನಮ್ಮನೇಲಿ ಯಾರಾದ್ರೂ ನಿಮ್ಮನ್ನ ಕೇಳಿದ್ರಾ?"